ಹೇಳಿಕೊಂಡರೆ ಸಾಲದು, ಕಟ್ಟೆ ಇಳಿಯಬೇಕು

2020ರ ಮಾರ್ಚ್ 16ರಂದು ಫ್ರಾನ್ಸ್‌ನ ಮಾರ್ಸೆಯ್ ನಗರದ ಸೂಕ್ಷ್ಮಜೀವಿ ತಜ್ಞ ದಿದಿಯೆ ರಾವುಲ್ಟ್ ಅವರ ತಂಡ 'ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಆ್ಯಂಟಿಮೈಕ್ರೋಬಿಯಲ್ ಏಜೆಂಟ್ಸ್' ಎಂಬ ಪತ್ರಿಕೆಗೆ ಒಂದು ಪ್ರಬಂಧ ಕಳಿಸಿತು. ಮಲೇರಿಯಾಕ್ಕೂ ಸಂಧಿವಾತಕ್ಕೂ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಕೋವಿಡ್ ವೈರಾಣುವನ್ನು ದೇಹದಿಂದ ಬೇಗ ತೊಲಗಿಸುತ್ತದೆ ಎಂಬುದು ಅದರ ಸಾರ. ಲೆಕ್ಕಕ್ಕೆ ತೆಗೆದುಕೊಂಡ ರೋಗಿಗಳು ಒಟ್ಟು 36, ಅವರಲ್ಲಿ ಮಾತ್ರೆ ಪಡೆದವರು 20. ಪ್ರಬಂಧ 17ಕ್ಕೆ ಅಂಗೀಕಾರವಾಯಿತು, 20ಕ್ಕೆ ಅಂತರ್ಜಾಲದಲ್ಲಿ ಪ್ರಕಟವಾಯಿತು. 21ಕ್ಕೆ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಆ ಪತ್ರಿಕೆಯ ಹೆಸರು ಹಿಡಿದೇ ಟ್ವೀಟ್ ಮಾಡಿದರು. ಮುಂದಿನ ಕೆಲವೇ ದಿನಗಳಲ್ಲಿ ಜಗತ್ತಿನ ಔಷಧಿ ಅಂಗಡಿಗಳಿಂದ ಈ ಮಾತ್ರೆ ಕಾಣೆಯಾಯಿತು. ಭಾರತ ಸರ್ಕಾರ 25ರಂದು ಅದರ ರಫ್ತಿಗೆ ತಡೆ ಹಾಕಿತು. ಲೂಪಸ್, ಸಂಧಿವಾತದ ರೋಗಿಗಳು ತಾವು ವರ್ಷಗಳಿಂದ ನುಂಗುತ್ತಿದ್ದ ಮಾತ್ರೆಗಾಗಿ ಅಂಗಡಿಯಿಂದ ಅಂಗಡಿಗೆ ಅಲೆದರು.

ಆ ಪ್ರಬಂಧದ ಲೇಖಕರಲ್ಲೊಬ್ಬರಾದ ಝಾನ್-ಮಾರ್ಕ್ ರೋಲೆನ್ ಅದೇ ಪತ್ರಿಕೆಯ ಪ್ರಧಾನ ಸಂಪಾದಕರಾಗಿದ್ದರು. ಪರಿಶೀಲನೆಯಲ್ಲಿ ಅವರ ಪಾತ್ರವಿರಲಿಲ್ಲ, ಬೇರೊಬ್ಬ ಸಂಪಾದಕರು ಅದನ್ನು ನೋಡಿಕೊಂಡರು ಎಂದು ಪತ್ರಿಕೆಯ ಕಡೆಯವರು ಹೇಳಿದರು. ಅದು ನಿಜವೇ ಇರಬಹುದು. ಆದರೂ ಒಂದೇ ದಿನದಲ್ಲಿ ಒಪ್ಪಿಗೆ ಪಡೆದ ಬರಹದ ಮೇಲೆ ಆ ಪತ್ರಿಕೆಯ ಹಿರಿಯ ಸಂಪಾದಕರದೇ ಹೆಸರು ಇದ್ದಾಗ, ಅವರ ಕೈಕೆಳಗಿನ ಸಂಪಾದಕ ಎಷ್ಟು ನಿಷ್ಠುರವಾಗಿ ನೋಡಿರಬಹುದು ಎಂಬ ಪ್ರಶ್ನೆ ಉಳಿಯುತ್ತದೆ. ಪತ್ರಿಕೆಯ ಹಿಂದಿದ್ದ ವಿದ್ವತ್ ಸಂಘವೇ ಎರಡು ವಾರದೊಳಗೆ ಆ ಪ್ರಬಂಧ ತಾನು ನಿರೀಕ್ಷಿಸುವ ಮಟ್ಟದಲ್ಲಿಲ್ಲ ಎಂದಿತು. ಆದರೂ ಅದನ್ನು ಅಧಿಕೃತವಾಗಿ ಹಿಂತೆಗೆದುಕೊಂಡದ್ದು 2024ರ ಡಿಸೆಂಬರ್‌ನಲ್ಲಿ. ಪ್ರಕಟಿಸಲು ಸಾಕಾದದ್ದು ನಾಲ್ಕು ದಿನ, ವಾಪಸ್ ಪಡೆಯಲು ಬೇಕಾದದ್ದು ನಾಲ್ಕೂಮುಕ್ಕಾಲು ವರ್ಷ.

ಸಂಶೋಧನ ಪತ್ರಿಕೆಗಳಲ್ಲಿ ಹಿತಾಸಕ್ತಿ ಸಂಘರ್ಷದ ಪ್ರಶ್ನೆ ವಿದ್ವಾಂಸರ ಒಳಜಗಳದಂತೆ ಹೊರಗಿನವರಿಗೆ ಕಾಣುತ್ತದೆ. ಹಾಗಲ್ಲ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಚೀಟಿಯಲ್ಲಿ ಬರೆಯುವ ಮಾತ್ರೆಯ ಹಿಂದೆ ಒಂದು ಚಿಕಿತ್ಸಾ ಮಾರ್ಗಸೂಚಿ ಇರುತ್ತದೆ. ಆ ಮಾರ್ಗಸೂಚಿಯ ಹಿಂದೆ ಹತ್ತಾರು ಅಧ್ಯಯನಗಳನ್ನು ಒಟ್ಟುಮಾಡಿದ ಸಮೀಕ್ಷೆಗಳಿರುತ್ತವೆ. ಸಮೀಕ್ಷೆಗಳ ಹಿಂದೆ ಬಿಡಿ ಪ್ರಬಂಧಗಳು. ಈ ಸರಪಳಿಯ ಮೊದಲ ಕೊಂಡಿಯಲ್ಲೇ ಯಾರೋ ತಮ್ಮ ಲಾಭಕ್ಕೆ ತಕ್ಕಂತೆ ಫಲಿತಾಂಶವನ್ನು ಸ್ವಲ್ಪ ವಾಲಿಸಿದ್ದರೆ, ಕೊನೆಯಲ್ಲಿ ಮಾತ್ರೆ ನುಂಗುವವರಿಗೆ ಅದು ತಿಳಿಯುವ ದಾರಿಯೇ ಇಲ್ಲ. ಪ್ರಬಂಧ ಬರೆದವರು, ಅದನ್ನು ತೂಗಿ ನೋಡಿದ ಪರಿಶೀಲಕರು, ಅಚ್ಚಿಗೆ ಕಳಿಸಿದ ಸಂಪಾದಕರು, ಅಚ್ಚು ಹಾಕಿ ಮಾರಿದ ಪ್ರಕಾಶಕರು, ಈ ನಾಲ್ವರಲ್ಲಿ ಯಾರಿಗಾದರೂ ಆ ಪ್ರಬಂಧದ ತೀರ್ಮಾನ ಹೀಗೇ ಇರಲಿ ಎನ್ನುವುದಕ್ಕೆ ಸ್ವಂತ ಕಾರಣವಿದ್ದರೆ ಅಲ್ಲಿ ಹಿತಾಸಕ್ತಿ ಸಂಘರ್ಷವಿದೆ. ಲೇಖಕರನ್ನು ಈ ಬಗ್ಗೆ ಕೇಳುವ ಪದ್ಧತಿ ಸುಮಾರು ನಲವತ್ತು ವರ್ಷಗಳಿಂದ ಬೆಳೆದು ಬಂದಿದೆ. ಉಳಿದ ಮೂವರನ್ನು ಕೇಳುವುದು ಇನ್ನೂ ಸರಿಯಾಗಿ ಆರಂಭವಾಗಿಲ್ಲ ಎಂಬುದೇ ನನ್ನ ತಕರಾರು.

ಸಂಘರ್ಷವಿದೆ ಎಂದ ಮಾತ್ರಕ್ಕೆ ಮೋಸ ನಡೆದಿದೆ ಎಂದಾಗುವುದಿಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳದಿದ್ದರೆ ಚರ್ಚೆ ಆರೋಪ, ಪ್ರತ್ಯಾರೋಪಗಳಲ್ಲೇ ಮುಗಿದುಹೋಗುತ್ತದೆ. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ಅವರು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ತಮ್ಮ ಹೊಸ ವಿಕಿರಣದ ಬಗ್ಗೆ ಉಪನ್ಯಾಸ ಕೊಟ್ಟರು. ಆ ಉಪನ್ಯಾಸ ತಿಂಗಳು ಮುಗಿಯುವುದರೊಳಗೆ ಅಚ್ಚಾದದ್ದು 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ. ಎರಡು ವರ್ಷ ಹಿಂದೆ, 1926ರಲ್ಲಿ, ಕಲ್ಕತ್ತದಿಂದ ಆ ಪತ್ರಿಕೆಯನ್ನು ಆರಂಭಿಸಿದವರೂ ನಡೆಸುತ್ತಿದ್ದವರೂ ರಾಮನ್ ಅವರೇ. ಇಂದಿನ ನಿಯಮದ ಕಣ್ಣಿನಿಂದ ನೋಡಿದರೆ ಸಂಪಾದಕರು ತಮ್ಮದೇ ಕೃತಿಯನ್ನು ತಮ್ಮದೇ ಪತ್ರಿಕೆಯಲ್ಲಿ ಅವಸರದಲ್ಲಿ ಪ್ರಕಟಿಸಿಕೊಂಡಂತಾಯಿತು. ಆದರೆ ಆ ಪ್ರಬಂಧ ನೊಬೆಲ್ ಬಹುಮಾನ ತಂದ ಸತ್ಯವನ್ನೇ ಹೇಳಿತ್ತು. ಬರ್ಲಿನ್‌ನಲ್ಲಿ ಪೀಟರ್ ಪ್ರಿಂಗ್ಸ್‌ಹೈಮ್ ಅದೇ ವರ್ಷ ಆ ಪ್ರಯೋಗವನ್ನು ಮತ್ತೆ ಮಾಡಿ ನೋಡಿದರು. ರೋಹಿತದರ್ಶಕ ಇದ್ದ ಯಾವ ಪ್ರಯೋಗಾಲಯ ಬೇಕಾದರೂ ನೋಡಬಹುದಿತ್ತು. ಅಲ್ಲಿ ಸಂಪಾದಕರ ಮೇಲಿನ ನಂಬಿಕೆ ಕೆಲಸ ಮಾಡಬೇಕಾದ ಅಗತ್ಯವೇ ಬೀಳಲಿಲ್ಲ. ಎಂಟು ಸಾವಿರ ರೋಗಿಗಳ ಮೇಲೆ ಔಷಧಿ ಕಂಪನಿಯೊಂದು ನಡೆಸಿದ ಪ್ರಯೋಗವನ್ನು ಓದುಗ ಹಾಗೆ ಮನೆಯಲ್ಲಿ ಕೂತು ಪರೀಕ್ಷಿಸಲಾರ. ನೋಡಲಾಗದ ಕಡೆ ನಂಬಬೇಕಾಗುತ್ತದೆ. ನಂಬಬೇಕಾದ ಕಡೆಯೇ ಹಿತಾಸಕ್ತಿಯ ಪ್ರಶ್ನೆ ಜೀವನ್ಮರಣದ್ದಾಗುತ್ತದೆ.

ರಾಮನ್ ಅವರಿಗಿಂತ ಎರಡು ಶತಮಾನ ಹಿಂದಿನ ಇನ್ನೊಂದು ಪ್ರಕರಣ ಇದರ ತದ್ವಿರುದ್ಧ. ಕಲನಶಾಸ್ತ್ರವನ್ನು ಮೊದಲು ಕಂಡುಹಿಡಿದದ್ದು ನ್ಯೂಟನ್ನೋ ಲೈಬ್ನಿಟ್ಸೋ ಎಂಬ ಜಗಳವನ್ನು ತೀರ್ಮಾನಿಸಲು 1712ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಒಂದು ಸಮಿತಿ ರಚಿಸಿತು. ಸೊಸೈಟಿಯ ಅಧ್ಯಕ್ಷರು ಸ್ವತಃ ನ್ಯೂಟನ್. ಸಮಿತಿಯ ವರದಿಯನ್ನು ಸಿದ್ಧಪಡಿಸಿದ ಕೈಯೂ ಅವರದೇ. ಅದು ಸಾಲದೆಂಬಂತೆ 1715ರಲ್ಲಿ ಸೊಸೈಟಿಯ 'ಫಿಲಸಾಫಿಕಲ್ ಟ್ರ್ಯಾನ್ಸಾಕ್ಷನ್ಸ್' ಪತ್ರಿಕೆಯಲ್ಲಿ ಆ ವರದಿಯನ್ನು ಹೊಗಳಿ ಹೆಸರಿಲ್ಲದ ಒಂದು ವಿಮರ್ಶೆ ಬಂತು. ಬರೆದವರು ನ್ಯೂಟನ್. ವಾದಿ, ನ್ಯಾಯಾಧೀಶ, ವರದಿಗಾರ ಮೂವರೂ ಒಬ್ಬರೇ ಆದರೂ ಓದುಗರಿಗೆ ಅದು ಗೊತ್ತಾಗಲಿಲ್ಲ. ನ್ಯೂಟನ್ ಮೊದಲಿಗರು ಹೌದೋ ಅಲ್ಲವೋ ಎನ್ನುವುದು ಬೇರೆ ಮಾತು. ಅದನ್ನು ತೀರ್ಮಾನಿಸುವ ಜಾಗದಲ್ಲಿ ಅವರು ಕೂತದ್ದೇ ತಪ್ಪು.

ಹಳ್ಳಿಯ ಅರಳಿಕಟ್ಟೆಯ ಪಂಚಾಯಿತಿಗೆ ಸ್ವಂತ ಅಣ್ಣನ ಹೊಲದ ಬದುವಿನ ತಕರಾರು ಬಂದರೆ ಮರ್ಯಾದಸ್ಥ ಯಜಮಾನ ತನ್ನ ಸಂಬಂಧವನ್ನು ಬಾಯಿಬಿಟ್ಟು ಹೇಳಿ ಅಲ್ಲೇ ಕೂರುವುದಿಲ್ಲ. ಕಟ್ಟೆ ಇಳಿದು ಕೆಳಗಿನ ಜನರ ಜೊತೆ ಕೂರುತ್ತಾನೆ. ವಿದ್ವತ್ ಪ್ರಕಟಣೆಯ ಲೋಕ ಇದರ ಮೊದಲರ್ಧವನ್ನು ಮಾತ್ರ ಕಲಿತಿದೆ.

ಆ ಮೊದಲರ್ಧವನ್ನು ಕಲಿಯುವುದಕ್ಕೂ ಬಹಳ ಕಾಲ ಹಿಡಿಯಿತು. 1967ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಹಾರ್ವರ್ಡ್ ವಿಶ್ವವಿದ್ಯಾಲಯದ ಮೂವರು ಪೌಷ್ಟಿಕಾಂಶ ತಜ್ಞರ ದೊಡ್ಡ ಸಮೀಕ್ಷೆಯೊಂದನ್ನು ಎರಡು ಕಂತುಗಳಲ್ಲಿ ಪ್ರಕಟಿಸಿತು. ಹೃದಯರೋಗಕ್ಕೆ ಮುಖ್ಯ ಕಾರಣ ಆಹಾರದಲ್ಲಿನ ಕೊಬ್ಬು, ಸಕ್ಕರೆಯ ಮೇಲಿನ ಆರೋಪಕ್ಕೆ ಪುರಾವೆ ದುರ್ಬಲ ಎಂಬ ಧಾಟಿ ಅದರದು. ಅದಕ್ಕೆ ಹಣ ಕೊಟ್ಟದ್ದು ಅಮೆರಿಕದ ಸಕ್ಕರೆ ಉದ್ಯಮದ ಶುಗರ್ ರಿಸರ್ಚ್ ಫೌಂಡೇಶನ್. ಕೊಟ್ಟದ್ದು 6,500 ಡಾಲರ್, 2016ರ ಬೆಲೆಯಲ್ಲಿ ಸುಮಾರು 50 ಸಾವಿರ. ಯಾವ ಯಾವ ಅಧ್ಯಯನಗಳನ್ನು ನೋಡಬೇಕೆಂಬುದರಲ್ಲೂ ಫೌಂಡೇಶನ್ನಿನ ಕೈಯಿತ್ತು, ಕರಡನ್ನೂ ಅದು ಮೊದಲೇ ನೋಡಿತ್ತು. ಲೇಖನದ ಕೊನೆಯಲ್ಲಿ ಇತರ ಧನಸಹಾಯಗಳ ಹೆಸರುಗಳಿದ್ದವು, ಇದೊಂದು ಇರಲಿಲ್ಲ. ಕ್ರಿಸ್ಟಿನ್ ಕೀರ್ನ್ಸ್ ಮತ್ತು ಸಂಗಡಿಗರು ಹಳೆಯ ಪತ್ರಾಗಾರಗಳನ್ನು ಕೆದಕಿ ಇದನ್ನು ಬಯಲಿಗೆ ತಂದದ್ದು 2016ರಲ್ಲಿ, ಅಂದರೆ ಅರ್ಧ ಶತಮಾನದ ನಂತರ. ಆ ಕಾಲದಲ್ಲಿ ಉದ್ಯಮದ ಹಣ ಪಡೆಯುವುದು ಎಲ್ಲರಲ್ಲೂ ರೂಢಿಯಿತ್ತು, ಹೈನು ಉದ್ಯಮವೂ ಹಣ ಕೊಡುತ್ತಿತ್ತು, ಇದನ್ನು ಪಿತೂರಿ ಎನ್ನಲಾಗದು ಎಂದು ಇತಿಹಾಸಕಾರರಾದ ಡೇವಿಡ್ ಮೆರಿಟ್ ಜಾನ್ಸ್ ಮತ್ತು ಜೆರಾಲ್ಡ್ ಓಪನ್‌ಹೈಮರ್ 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವಾದಿಸಿದರು. ಅವರ ಮಾತಿನಲ್ಲಿ ನ್ಯಾಯವಿದೆ. ಆದರೆ ಎಲ್ಲರಲ್ಲೂ ರೂಢಿಯಿತ್ತು ಎನ್ನುವುದು ನನಗೆ ಸಮಾಧಾನ ಕೊಡುವುದಿಲ್ಲ, ಇನ್ನಷ್ಟು ಕಳವಳ ತರುತ್ತದೆ.

ಸಕ್ಕರೆಯ ಸಮೀಕ್ಷೆ ಪ್ರಕಟಿಸಿದ್ದ 'ನ್ಯೂ ಇಂಗ್ಲೆಂಡ್ ಜರ್ನಲ್' 1984ರಲ್ಲಿ, ಆರ್ನಲ್ಡ್ ರೆಲ್ಮನ್ ಸಂಪಾದಕರಾಗಿದ್ದಾಗ, ಲೇಖಕರು ತಮ್ಮ ಹಣಕಾಸಿನ ಸಂಬಂಧಗಳನ್ನು ತಿಳಿಸಬೇಕೆಂಬ ನಿಯಮ ತಂದಿತು. ವೈದ್ಯಕೀಯದಲ್ಲಿ ಇದು ದೊಡ್ಡ ತಿರುವು. 1990ರಲ್ಲಿ ಅದು ಇನ್ನೂ ಮುಂದೆ ಹೋಗಿ, ಸಂಪಾದಕೀಯ ಮತ್ತು ಸಮೀಕ್ಷಾ ಲೇಖನಗಳನ್ನು ಬರೆಯುವವರಿಗೆ ಆ ಔಷಧಿಯ ಕಂಪನಿಯಲ್ಲಿ ಹಣಕಾಸಿನ ಸಂಬಂಧವೇ ಇರಕೂಡದು ಎಂದಿತು. ಇದು ನಿಜವಾದ ಕಟ್ಟೆ ಇಳಿಸುವ ನಿಯಮ. ಅದು ಉಳಿದದ್ದು ಹನ್ನೆರಡು ವರ್ಷ. 2002ರಲ್ಲಿ ಹೊಸ ಸಂಪಾದಕತ್ವದಲ್ಲಿ, ಸಂಬಂಧವಿಲ್ಲದ ತಜ್ಞರು ಸಿಗುತ್ತಿಲ್ಲ ಎಂಬ ಕಾರಣ ಹೇಳಿ, 'ಗಣನೀಯ' ಸಂಬಂಧ ಇರಕೂಡದು ಎಂದು ಸಡಿಲಿಸಲಾಯಿತು. ವರ್ಷಕ್ಕೆ 10,000 ಡಾಲರ್ ದಾಟದಿದ್ದರೆ ಅದು ಗಣನೀಯವಲ್ಲ ಎಂದಾಯಿತು. ಸಂಬಂಧವಿಲ್ಲದ ತಜ್ಞರು ಸಿಗುತ್ತಿಲ್ಲ ಎಂಬ ಸ್ಥಿತಿಯೇ ರೋಗದ ಲಕ್ಷಣವಾಗಿರುವಾಗ ಅದನ್ನೇ ವಿನಾಯಿತಿಗೆ ಕಾರಣವಾಗಿ ಕೊಟ್ಟದ್ದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಹಣದ ಸಂಬಂಧಕ್ಕೂ ತೀರ್ಮಾನಕ್ಕೂ ನಂಟಿದೆಯೇ ಎಂಬುದನ್ನು ಅಳೆದು ನೋಡಿದವರೂ ಇದ್ದಾರೆ. ರಕ್ತದೊತ್ತಡಕ್ಕೆ ಕೊಡುವ ಕ್ಯಾಲ್ಸಿಯಂ ತಡೆಯುವ ಔಷಧಿಗಳು ಸುರಕ್ಷಿತವೇ ಎಂಬ ವಿವಾದ 1990ರ ದಶಕದಲ್ಲಿ ಎದ್ದಿತ್ತು. ಆ ಬಗ್ಗೆ ಬರೆದವರನ್ನು ಸ್ಟೆಲ್ಫಾಕ್ಸ್ ಮತ್ತು ಸಂಗಡಿಗರು ವಿಚಾರಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಔಷಧಿಯ ಪರ ಬರೆದವರಲ್ಲಿ ಶೇ 96 ಮಂದಿಗೆ ಅದರ ತಯಾರಕರೊಡನೆ ಹಣಕಾಸಿನ ಸಂಬಂಧವಿತ್ತು, ತಟಸ್ಥರಲ್ಲಿ ಶೇ 60, ವಿರೋಧಿಸಿದವರಲ್ಲಿ ಶೇ 37. ಅದೇ ವರ್ಷ ಡೆಬೊರಾ ಬಾರ್ನ್ಸ್ ಮತ್ತು ಲೀಸಾ ಬೆರೊ, ಇತರರು ಸೇದಿದ ಹೊಗೆ ಪಕ್ಕದವರಿಗೆ ಹಾನಿಯೇ ಎಂಬ ಕುರಿತ 106 ಸಮೀಕ್ಷಾ ಲೇಖನಗಳನ್ನು ಮುಂದಿಟ್ಟುಕೊಂಡರು. ಶೇ 37ರಷ್ಟು ಲೇಖನಗಳು ಹಾನಿಯಿಲ್ಲ ಎಂದಿದ್ದವು. ಹಾಗೆಂದವುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ತಂಬಾಕು ಉದ್ಯಮದ ಸಂಬಂಧವಿದ್ದವರು ಬರೆದವು. 2017ರಲ್ಲಿ ಪರಿಷ್ಕೃತವಾದ ಕೊಕ್ರೇನ್ ಸಮೀಕ್ಷೆ 75 ಅಧ್ಯಯನಗಳನ್ನು ಕೂಡಿಸಿ ನೋಡಿ, ಕಂಪನಿಯ ಹಣದಿಂದ ನಡೆದ ಔಷಧಿ, ಉಪಕರಣ ಪ್ರಯೋಗಗಳಲ್ಲಿ ಅನುಕೂಲಕರ ತೀರ್ಮಾನ ಬರುವುದು ಇತರ ಪ್ರಯೋಗಗಳಿಗಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು ಎಂದಿತು. ಪ್ರಯೋಗಗಳನ್ನು ನಡೆಸಿದ ತಾಂತ್ರಿಕ ಗುಣಮಟ್ಟದಲ್ಲಿ ಎದ್ದು ಕಾಣುವ ಕೊರತೆ ಇರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಅಂದರೆ ವಾಲಿಕೆ ಒರಟು ಸುಳ್ಳಿನಲ್ಲಿ ಕಾಣಿಸುವುದಿಲ್ಲ. ಯಾವ ಔಷಧಿಯೊಂದಿಗೆ ಹೋಲಿಸಬೇಕು, ಯಾವ ಪ್ರಮಾಣದಲ್ಲಿ ಕೊಡಬೇಕು, ಯಾವ ಫಲಿತಾಂಶವನ್ನು ಅಳೆಯಬೇಕು, ಯಾವುದನ್ನು ಪ್ರಕಟಿಸದೆ ಬಿಡಬೇಕು ಎಂಬ ಆಯ್ಕೆಗಳಲ್ಲಿ ಅದು ಮೊದಲೇ ಸೇರಿಕೊಂಡಿರುತ್ತದೆ.

ಮರ್ಕ್ ಕಂಪನಿಯ ನೋವು ನಿವಾರಕ ವಯಾಕ್ಸ್‌ನ ಕತೆಯಲ್ಲಿ ಇವೆಲ್ಲವೂ ಒಟ್ಟಿಗೆ ಸಿಗುತ್ತವೆ. ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅದರ 'ವಿಗರ್' ಪ್ರಯೋಗ 2000ದ ನವೆಂಬರ್‌ನಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್'ನಲ್ಲಿ ಬಂತು. ಲೇಖಕರಲ್ಲಿ ಕಂಪನಿಯ ನೌಕರರೂ ಇದ್ದರು. ಹೋಲಿಕೆಗೆ ಕೊಟ್ಟ ನ್ಯಾಪ್ರಾಕ್ಸೆನ್‌ಗಿಂತ ವಯಾಕ್ಸ್ ಸೇವಿಸಿದವರಲ್ಲಿ ಹೃದಯಾಘಾತ ಹೆಚ್ಚಾಗಿದ್ದುದು ಕಣ್ಣಿಗೆ ಬಿದ್ದಿತ್ತು. ವಯಾಕ್ಸ್ ಹೃದಯಕ್ಕೆ ಕೆಟ್ಟದ್ದು ಎನ್ನುವ ಬದಲು ನ್ಯಾಪ್ರಾಕ್ಸೆನ್ ಹೃದಯವನ್ನು ಕಾಪಾಡಿರಬಹುದು ಎಂಬ ವಿವರಣೆ ಕೊಡಲಾಯಿತು. 2004ರ ಸೆಪ್ಟೆಂಬರ್ 30ರಂದು ಕಂಪನಿ ಔಷಧಿಯನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಭಾರತದಲ್ಲೂ ಆ ವರ್ಷದ ಕೊನೆಗೆ ಇದೇ ಔಷಧಿಯ ಎಲ್ಲ ಬ್ರ್ಯಾಂಡ್‌ಗಳಿಗೆ ನಿಷೇಧ ಬಂತು. ಪ್ರಕಟಣೆಗೆ ಮೊದಲೇ ಲೇಖಕರಲ್ಲಿ ಕೆಲವರಿಗೆ ಗೊತ್ತಿದ್ದ ಇನ್ನೂ ಮೂರು ಹೃದಯಾಘಾತಗಳು ಪ್ರಬಂಧದ ಲೆಕ್ಕದಲ್ಲಿ ಸೇರಿರಲಿಲ್ಲ ಎಂದು ಪತ್ರಿಕೆ 2005ರ ಡಿಸೆಂಬರ್‌ನಲ್ಲಿ ಕಳವಳದ ಟಿಪ್ಪಣಿ ಪ್ರಕಟಿಸಿತು. 2007ರಲ್ಲಿ ಅಮೆರಿಕದ ದಾವೆಗಳನ್ನು ಮುಗಿಸಲು ಮರ್ಕ್ 485 ಕೋಟಿ ಡಾಲರ್ ಕೊಡಲು ಒಪ್ಪಿತು.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಕಂಪನಿಯನ್ನು ಬೈದು ಮುಗಿಸುತ್ತಾರೆ. ಪತ್ರಿಕೆಯ ಲಾಭದ ಕಡೆ ನೋಡುವವರು ಕಡಿಮೆ. ವಿಗರ್ ಪ್ರಬಂಧದ ಮರುಮುದ್ರಿತ ಪ್ರತಿಗಳನ್ನು ಪತ್ರಿಕೆ ಒಂಬತ್ತು ಲಕ್ಷಕ್ಕೂ ಹೆಚ್ಚು ಮಾರಿತ್ತು. ವೈದ್ಯರ ಮೇಜಿನ ಮೇಲೆ ಇಡಲು ಕಂಪನಿಗಳು ಇಂಥ ಪ್ರತಿಗಳನ್ನು ರಾಶಿಗಟ್ಟಲೆ ಕೊಳ್ಳುತ್ತವೆ. ಒಂದು ಔಷಧಿಯ ಪರವಾದ ದೊಡ್ಡ ಪ್ರಯೋಗವನ್ನು ಪ್ರಕಟಿಸಿದರೆ ಲಕ್ಷಾಂತರ ಡಾಲರ್ ಬರುತ್ತದೆ, ಅದರ ವಿರುದ್ಧದ ಪ್ರಬಂಧವನ್ನು ಪ್ರಕಟಿಸಿದರೆ ಯಾರೂ ಮರುಮುದ್ರಣ ಕೇಳುವುದಿಲ್ಲ. 2005–06ರಲ್ಲಿ 'ಲ್ಯಾನ್ಸೆಟ್'ನ ಆದಾಯದಲ್ಲಿ ಮರುಮುದ್ರಣದ ಪಾಲು ಶೇ 41ರಷ್ಟಿತ್ತು, 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಶೇ 3. ಎರಡನೆಯದರ ಸಂಪಾದಕರಾಗಿದ್ದ ರಿಚರ್ಡ್ ಸ್ಮಿತ್ ಹುದ್ದೆ ಬಿಟ್ಟ ಮೇಲೆ, 2005ರಲ್ಲಿ, ವೈದ್ಯಕೀಯ ಪತ್ರಿಕೆಗಳು ಔಷಧಿ ಕಂಪನಿಗಳ ಮಾರಾಟ ವಿಭಾಗದ ವಿಸ್ತರಣೆಯಾಗಿಬಿಟ್ಟಿವೆ ಎಂದು ಬರೆದರು. ಒಳಗಿದ್ದು ನೋಡಿದವರ ಮಾತು ಅದು.

ಇನ್ನೂ ಕೆಳಗಿನ ಮಟ್ಟವೂ ಇದೆ. ಎಲ್ಸೆವಿಯರ್ ಪ್ರಕಾಶನದ ಆಸ್ಟ್ರೇಲಿಯಾ ಶಾಖೆ 2000ದಿಂದ 2005ರ ನಡುವೆ ಕಂಪನಿಗಳ ಹಣದಲ್ಲಿ ಆರು ಪ್ರಕಟಣೆಗಳನ್ನು ಹೊರತಂದಿತ್ತು. ನೋಡಿದರೆ ಸಂಶೋಧನ ಪತ್ರಿಕೆಯಂತೆಯೇ ಇದ್ದವು, ಹಣ ಕೊಟ್ಟವರ ಹೆಸರು ಮಾತ್ರ ಇರಲಿಲ್ಲ. ಅವುಗಳಲ್ಲಿ ಮೂಳೆ, ಕೀಲುಗಳ ವಿಷಯದ ಒಂದಕ್ಕೆ ಹಣ ಕೊಟ್ಟದ್ದು ಮರ್ಕ್. ಆಸ್ಟ್ರೇಲಿಯಾದಲ್ಲಿ ವಯಾಕ್ಸ್ ದಾವೆಯ ವಿಚಾರಣೆ ನಡೆಯುವಾಗ 2009ರಲ್ಲಿ ಇದು ಹೊರಬಿತ್ತು, ಪ್ರಕಾಶಕರು ತಪ್ಪು ಒಪ್ಪಿಕೊಂಡರು.

ಹಿತಾಸಕ್ತಿ ಎಂದರೆ ಕಂಪನಿಯ ಹಣ ಮಾತ್ರ ಎಂದುಕೊಂಡವರು ಆ್ಯಂಡ್ರೂ ವೇಕ್‌ಫೀಲ್ಡ್ ಪ್ರಕರಣವನ್ನು ನೆನೆಯಬೇಕು. 1998ರ ಫೆಬ್ರವರಿಯಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ, 12 ಮಕ್ಕಳ ಕುರಿತಾದ ಅವರ ಪ್ರಬಂಧ ದಡಾರ–ಮಂಗಬಾವು–ರುಬೆಲ್ಲಾ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಭಯ ಹುಟ್ಟಿಸಿತು. ಲಸಿಕೆ ತಯಾರಕರ ಮೇಲೆ ದಾವೆ ಹೂಡಲು ಸಿದ್ಧವಾಗುತ್ತಿದ್ದ ವಕೀಲರ ಮೂಲಕ ಕಾನೂನು ನೆರವಿನ ಹಣ ಅವರಿಗೆ ಬಂದಿತ್ತು, ಆ ಮಕ್ಕಳಲ್ಲಿ ಹಲವರು ಆ ದಾವೆಯ ಕಕ್ಷಿದಾರರೇ ಆಗಿದ್ದರು. ಪತ್ರಕರ್ತ ಬ್ರಯನ್ ಡೀರ್ 2004ರಲ್ಲಿ ಇದನ್ನು ಬಯಲಿಗೆಳೆದರು. ಸಹಲೇಖಕರಲ್ಲಿ ಹತ್ತು ಮಂದಿ ಆ ವ್ಯಾಖ್ಯಾನದಿಂದ ಹಿಂದೆ ಸರಿದರು. ಪತ್ರಿಕೆ ಪ್ರಬಂಧವನ್ನು ಪೂರ್ತಿ ಹಿಂತೆಗೆದುಕೊಂಡದ್ದು 2010ರಲ್ಲಿ, ಹನ್ನೆರಡು ವರ್ಷಗಳ ನಂತರ. ಆ ಭಯದಿಂದ ಇಂದಿಗೂ ಮಕ್ಕಳಿಗೆ ಲಸಿಕೆ ಹಾಕಿಸದ ತಾಯ್ತಂದೆಯರಿದ್ದಾರೆ. ಇಲ್ಲಿ ಹಿತಾಸಕ್ತಿ ಇದ್ದದ್ದು ಔಷಧಿ ಕಂಪನಿಯ ಪರವಲ್ಲ, ವಿರುದ್ಧ. ಆದರೆ ಓದುಗನಿಂದ ಮುಚ್ಚಿಟ್ಟದ್ದು ಅದೇ ಬಗೆಯ ಸಂಗತಿ.

ಈಗ ಪರಿಹಾರದ ಮಾತು. ವೈದ್ಯಕೀಯ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ 2009ರಲ್ಲಿ ಎಲ್ಲ ಪತ್ರಿಕೆಗಳಿಗೂ ಹೊಂದುವ ಒಂದೇ ನಮೂನೆಯನ್ನು ರೂಪಿಸಿತು. ಹಿಂದಿನ 36 ತಿಂಗಳಲ್ಲಿ ಯಾರಿಂದ ಏನು ಬಂತು ಎಂದು ಅದರಲ್ಲಿ ಲೇಖಕರು ಬರೆಯಬೇಕು. ಅದನ್ನು ಪರೀಕ್ಷಿಸುವವರು ಯಾರು? ಅಮೆರಿಕದ ಹೆಸರಾಂತ ಕ್ಯಾನ್ಸರ್ ತಜ್ಞ ಹೊಸೆ ಬಸೆಲ್ಗಾ ಕಂಪನಿಗಳಿಂದ ಪಡೆದ ಹಣವನ್ನು ಹತ್ತಾರು ಪ್ರಬಂಧಗಳಲ್ಲಿ ತಿಳಿಸಿರಲಿಲ್ಲ. ಆಗ ಅವರೇ 'ಕ್ಯಾನ್ಸರ್ ಡಿಸ್ಕವರಿ' ಪತ್ರಿಕೆಯ ಪ್ರಧಾನ ಸಂಪಾದಕರಲ್ಲೊಬ್ಬರಾಗಿದ್ದರು. 2018ರಲ್ಲಿ ಇದನ್ನು ಕಂಡುಹಿಡಿದದ್ದು ಯಾವ ಜರ್ನಲ್ಲೂ ಅಲ್ಲ, 'ನ್ಯೂಯಾರ್ಕ್ ಟೈಮ್ಸ್' ಮತ್ತು 'ಪ್ರೊಪಬ್ಲಿಕಾ'ದ ವರದಿಗಾರರು. ಅವರಿಗೆ ದಾರಿ ತೋರಿದ್ದು 2010ರ ಕಾನೂನಿನ ಪ್ರಕಾರ ಕಂಪನಿಗಳು ವೈದ್ಯರಿಗೆ ಕೊಟ್ಟ ಪ್ರತಿ ಪಾವತಿಯನ್ನೂ ಯಾರು ಬೇಕಾದರೂ ಹುಡುಕಿ ನೋಡುವಂತೆ ಅಮೆರಿಕ ಸರ್ಕಾರ 2014ರಿಂದ ತೆರೆದಿಟ್ಟಿರುವ ದಾಖಲೆ.

ಪ್ರಾಮಾಣಿಕವಾಗಿ ಹೇಳಿಕೊಂಡರೂ ಪ್ರಯೋಜನ ಎಷ್ಟೆಂಬುದು ಬೇರೆ ಪ್ರಶ್ನೆ. ಡೇಲಿಯನ್ ಕೇನ್, ಜಾರ್ಜ್ ಲೋವನ್‌ಸ್ಟೀನ್ ಮತ್ತು ಡಾನ್ ಮೂರ್ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜಾಡಿಯೊಳಗಿನ ನಾಣ್ಯಗಳ ಮೌಲ್ಯವನ್ನು ಒಬ್ಬರು ಅಂದಾಜಿಸಬೇಕು, ಇನ್ನೊಬ್ಬರು ಸಲಹೆ ಕೊಡಬೇಕು. ಅಂದಾಜು ಹೆಚ್ಚಾದಷ್ಟೂ ಸಲಹೆಗಾರರಿಗೆ ಲಾಭ. ತಮ್ಮ ಲಾಭದ ಸಂಗತಿ ಬಯಲಾದಾಗ ಸಲಹೆಗಾರರು ಇನ್ನಷ್ಟು ಉಬ್ಬಿಸಿ ಹೇಳಿದರು. ಹೇಳಿದ ಮೇಲೆ ಮನಸ್ಸಿನ ಭಾರ ಇಳಿಯುತ್ತದೆ, ಎಚ್ಚರಿಕೆ ಇನ್ನು ಎದುರಿನವರ ಜವಾಬ್ದಾರಿ ಎನ್ನಿಸುತ್ತದೆ. ಎದುರಿನವರೋ ಆ ಉಬ್ಬನ್ನು ತಕ್ಕಷ್ಟು ಕಳೆದು ನೋಡಲಿಲ್ಲ. ಲೆಸ್ಲಿ ಜಾನ್ ಮತ್ತು ಸಂಗಡಿಗರು ನಿಜವಾದ ಪತ್ರಿಕೆಯಲ್ಲೇ ಮಾಡಿದ ಪರೀಕ್ಷೆ 2019ರಲ್ಲಿ ಪ್ರಕಟವಾಯಿತು. ತುರ್ತು ಚಿಕಿತ್ಸೆಯ ಅಮೆರಿಕನ್ ಪತ್ರಿಕೆಯೊಂದಕ್ಕೆ ಬಂದ 1,480 ಹಸ್ತಪ್ರತಿಗಳಲ್ಲಿ ಕೆಲವು ಪರಿಶೀಲಕರಿಗೆ ಲೇಖಕರ ಹಿತಾಸಕ್ತಿಯ ಹೇಳಿಕೆ ತೋರಿಸಿದರು, ಕೆಲವರಿಗೆ ತೋರಿಸಲಿಲ್ಲ. ಪರಿಶೀಲಕರು ಕೊಟ್ಟ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ನಲವತ್ತು ವರ್ಷ ನಾವು ನೆಚ್ಚಿಕೊಂಡ ಮದ್ದಿನ ಬಲ ಇಷ್ಟು.

ಹೇಳಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಸ್ಟೆಲ್ಫಾಕ್ಸ್‌ರಂಥವರು ಎತ್ತಿದ ಪ್ರಶ್ನೆಗಳನ್ನು ಮುಂದುವರಿಸುವುದೂ ಕಷ್ಟ, ನಂತರ ತನಿಖೆ ಮಾಡುವವರಿಗೆ ಹಿಡಿದು ಹೊರಡುವ ಎಳೆಯೂ ಇರುವುದಿಲ್ಲ. ಆದರೆ ಅದು ದಾಖಲೆ, ತಡೆ ಅಲ್ಲ. ತಡೆಯಾಗಬೇಕಾದರೆ ತೀರ್ಮಾನಿಸುವವರು ಎದ್ದು ಹೋಗಬೇಕು. ಸಂಪಾದಕರು, ಪರಿಶೀಲಕರ ಸ್ಥಿತಿ ನೋಡಿ. ಅಮೆರಿಕದ ಅದೇ ತೆರೆದ ದಾಖಲೆಯನ್ನು ಹಿಡಿದು 52 ಪ್ರಭಾವಿ ಪತ್ರಿಕೆಗಳ 713 ಸಂಪಾದಕರನ್ನು ಪರಿಶೀಲಿಸಿದಾಗ, 2014ರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉದ್ಯಮದಿಂದ ಏನಾದರೊಂದು ಪಾವತಿ ಪಡೆದಿದ್ದರು. 2024ರಲ್ಲಿ ಬಂದ ಇನ್ನೊಂದು ಅಧ್ಯಯನ ನಾಲ್ಕು ಅತಿ ಪ್ರಸಿದ್ಧ ವೈದ್ಯಕೀಯ ಪತ್ರಿಕೆಗಳಿಗೆ ಪರಿಶೀಲಕರಾಗಿದ್ದ 1,962 ಅಮೆರಿಕನ್ ವೈದ್ಯರನ್ನು ನೋಡಿತು. 2020ರಿಂದ 2022ರವರೆಗೆ ಅವರಲ್ಲಿ ಶೇ 59ರಷ್ಟು ಮಂದಿಗೆ ಪಾವತಿ ಬಂದಿತ್ತು, ಒಟ್ಟು ಮೊತ್ತ 100 ಕೋಟಿ ಡಾಲರ್ ದಾಟಿತ್ತು. ಅದರ ಬಹುಭಾಗ ಸಂಶೋಧನೆಗೆಂದು ಸಂಸ್ಥೆಗಳಿಗೆ ಹೋದ ಹಣ, ಎಲ್ಲವೂ ಜೇಬಿಗೆ ಬಿದ್ದದ್ದಲ್ಲ. ಆದರೂ ಲೇಖಕರಿಂದ ಮೂರು ವರ್ಷದ ಲೆಕ್ಕ ಕೇಳುವ ಪತ್ರಿಕೆಯ ಸಂಪಾದಕರ ಲೆಕ್ಕವನ್ನು ಓದುಗ ಸರ್ಕಾರಿ ದಾಖಲೆಯಲ್ಲಿ ಹುಡುಕಬೇಕಾಗಿ ಬರುವುದು ಅನ್ಯಾಯ.

ಇಷ್ಟು ಬಿಗಿ ಮಾಡಿದರೆ ತಿಳಿದವರೆಲ್ಲ ದೂರ ಉಳಿಯುತ್ತಾರೆ ಎಂಬ ಆಕ್ಷೇಪವಿದೆ. 2015ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್' ತಾನೇ ಈ ಧಾಟಿಯ ಲೇಖನಮಾಲೆ ಪ್ರಕಟಿಸಿತು. ಅದರ ಹಿಂದಿನ ಸಂಪಾದಕರಾದ ಜೆರೋಮ್ ಕ್ಯಾಸಿರರ್, ಮಾರ್ಷಿಯಾ ಏಂಜೆಲ್ ಮೊದಲಾದವರು ಪ್ರತಿಸ್ಪರ್ಧಿ ಪತ್ರಿಕೆಯಲ್ಲಿ ಅದನ್ನು ಖಂಡಿಸಿದರು. ಎಲ್ಲರಿಗೂ ಏನಾದರೊಂದು ಒಲವು ಇದ್ದೇ ಇರುತ್ತದೆ, ಸಿದ್ಧಾಂತದ ಒಲವು, ಗುರುವಿನ ಒಲವು, ಹಣವೊಂದನ್ನೇ ಏಕೆ ಹಿಡಿಯುತ್ತೀರಿ ಎಂಬ ಇನ್ನೊಂದು ವಾದವೂ ಇದೆ. ಆಸಕ್ತಿ ಇರುವುದೆಲ್ಲ ಸಂಘರ್ಷವಲ್ಲ ಎಂದು ಲೀಸಾ ಬೆರೊ ಮತ್ತು ಕ್ವಿನ್ ಗ್ರಂಡಿ 2016ರಲ್ಲಿ ಕೊಟ್ಟ ಉತ್ತರ ನನಗೆ ಒಪ್ಪಿಗೆ. ಎಲ್ಲವನ್ನೂ ಸಂಘರ್ಷವೆಂದು ಕರೆದರೆ ಯಾವುದನ್ನೂ ನಿಭಾಯಿಸಬೇಕಾಗಿಲ್ಲ. ಹಣ ಬೇಡವೆನ್ನಬಹುದು, ಹುದ್ದೆ ಬಿಡಬಹುದು. ಒಬ್ಬರ ಹುಟ್ಟನ್ನೋ ನಂಬಿಕೆಯನ್ನೋ ಬಿಡಿಸಲಾಗದು.

ಭಾರತದಲ್ಲಿ, ಕರ್ನಾಟಕದಲ್ಲಿ ಈ ಪ್ರಶ್ನೆಯ ಮುಖ ಸ್ವಲ್ಪ ಬೇರೆ. ಕಂಪನಿಯ ಹಣ ಇಲ್ಲೂ ಇದೆ. ಯಾವ ವೈದ್ಯರಿಗೆ ಎಷ್ಟು ಸಂದಿತು ಎಂದು ನಾಗರಿಕರು ಹುಡುಕಿ ನೋಡುವ ತೆರೆದ ದಾಖಲೆ ಮಾತ್ರ ನಮ್ಮಲ್ಲಿ ಇಲ್ಲ. 2024ರ ಮಾರ್ಚ್‌ನಲ್ಲಿ ಹೊರಬಂದ ಔಷಧಿ ಮಾರಾಟ ಸಂಹಿತೆಯೂ ಅಂಥದ್ದನ್ನು ಕೊಟ್ಟಿಲ್ಲ. ಪ್ರಯೋಗಗಳ ನೋಂದಣಿಯಲ್ಲಿ ನಾವು ಹಿಂದೆ ಬಿದ್ದಿಲ್ಲ. 2007ರಲ್ಲಿ ಆರಂಭವಾದ ರಾಷ್ಟ್ರೀಯ ನೋಂದಣಿ 2009ರ ಜೂನ್‌ನಿಂದ ಕಡ್ಡಾಯವಾಯಿತು. ಮೊದಲೇ ನೋಂದಾಯಿಸಿದ ಪ್ರಯೋಗದ ಫಲಿತಾಂಶವನ್ನು ಆಮೇಲೆ ಮುಚ್ಚಿಡುವುದು ಕಷ್ಟ, ಹಾಗಾಗಿ ನೂರು ಹೇಳಿಕೆಗಳಿಗಿಂತ ಇದು ಮೇಲು. ನಮ್ಮಲ್ಲಿ ಸರ್ಕಾರಿ ಸಂಸ್ಥೆಯೇ ಹಿತಾಸಕ್ತಿಯ ಪಾಲುದಾರ ಆಗಬಹುದು ಎಂಬುದನ್ನೂ ಮರೆಯಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೋವ್ಯಾಕ್ಸಿನ್‌ನ ಜಂಟಿ ಅಭಿವೃದ್ಧಿಕಾರ, ಮಾರಾಟದ ಮೇಲೆ ಅದಕ್ಕೆ ರಾಯಲ್ಟಿ ಇತ್ತು. ಕೋವಿಡ್ ಚಿಕಿತ್ಸೆಯ ಬಗ್ಗೆ ದೇಶಕ್ಕೆ ಸಲಹೆ ಕೊಟ್ಟದ್ದೂ ಅದೇ, 1913ರಿಂದ ನಡೆದು ಬಂದಿರುವ ದೊಡ್ಡ ವೈದ್ಯಕೀಯ ಪತ್ರಿಕೆಯ ಒಡೆತನವೂ ಅದರದೇ. ಇದರಲ್ಲಿ ಕಳ್ಳತನವೇನೂ ಇಲ್ಲ, ಎಲ್ಲ ಬಹಿರಂಗ. ಇಂಥ ಕಡೆ ಲಸಿಕೆಯ ಕುರಿತಾದ ಪ್ರಬಂಧವನ್ನು ಮಂಡಳಿಯ ಹೊರಗಿನ ಸಂಪಾದಕರೇ ತೀರ್ಮಾನಿಸುವ ಲಿಖಿತ ನಿಯಮ ಬೇಕು ಎಂಬುದಷ್ಟೇ ಮಾತು.

ಇದಕ್ಕಿಂತ ವ್ಯಾಪಕವಾದದ್ದು ಬಡ್ತಿಯ ಹಿತಾಸಕ್ತಿ. 2010ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಅಧ್ಯಾಪಕರ ಪ್ರಕಟಣೆಗಳಿಗೆ ಅಂಕ ಕೊಡುವ ಪದ್ಧತಿ ತಂದ ಮೇಲೆ ಪ್ರಬಂಧ ಸಂಬಳದ ಪ್ರಶ್ನೆಯಾಯಿತು. ಕಾಸು ಕೊಟ್ಟರೆ ಅಚ್ಚು ಹಾಕುವ ಪತ್ರಿಕೆಗಳು ಬೆಳೆದವು. ಅವನ್ನು ಜರಡಿ ಹಿಡಿಯಲು 2018ರಲ್ಲಿ ಆಯೋಗವೇ ತಂದ ಮಾನ್ಯ ಪತ್ರಿಕೆಗಳ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿತು. ಈಗ ಯಾವ ಪತ್ರಿಕೆ ಒಳ್ಳೆಯದೆಂದು ಸಂಸ್ಥೆಗಳೇ ತೀರ್ಮಾನಿಸಬೇಕು. ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು ತಮ್ಮದೇ ಪತ್ರಿಕೆ ನಡೆಸುವುದುಂಟು. ಲೇಖಕ, ಪರಿಶೀಲಕ, ಸಂಪಾದಕ ಮೂವರೂ ಒಂದೇ ಸಂಸ್ಥೆಯ ಸಂಬಳದವರಾದಾಗ, ಲೇಖಕ ವಿಭಾಗದ ಮುಖ್ಯಸ್ಥರೂ ಸಂಪಾದಕ ಅವರ ಕೈಕೆಳಗಿನ ಸಹಾಯಕ ಪ್ರಾಧ್ಯಾಪಕರೂ ಆದಾಗ, ಪ್ರಬಂಧ ತಿರಸ್ಕಾರವಾಗುವ ಸಂಭವ ಎಷ್ಟು? ಕೊನೆಗೆ 'ಲೇಖಕರಿಗೆ ಯಾವುದೇ ಹಿತಾಸಕ್ತಿ ಸಂಘರ್ಷ ಇಲ್ಲ' ಎಂಬ ಸಾಲು ಅಚ್ಚಾಗುತ್ತದೆ. ಕಂಪನಿಯ ಹಣದ ಮಟ್ಟಿಗೆ ಅದು ಸತ್ಯವೇ ಇರಬಹುದು. ಬಡ್ತಿಯ ಹಿತಾಸಕ್ತಿಯನ್ನು ಕೇಳುವ ಕಲಮು ನಮೂನೆಯಲ್ಲಿಲ್ಲ.

ಕನ್ನಡದ ಸಾಹಿತ್ಯ, ಇತಿಹಾಸ, ಶಾಸನ ಸಂಶೋಧನೆಯ ಪತ್ರಿಕೆಗಳಲ್ಲಿ ಅಂಥ ಸಾಲೂ ಅಪರೂಪ. ಇಲ್ಲಿ ಔಷಧಿ ಕಂಪನಿ ಇಲ್ಲ, ಇರುವುದು ಗುರುಶಿಷ್ಯ ಸಂಬಂಧ, ವಿಶ್ವವಿದ್ಯಾಲಯದ ನೇಮಕಾತಿ, ಗ್ರಂಥಾಲಯ ಖರೀದಿ, ಪ್ರಶಸ್ತಿ ಸಮಿತಿ. ಪಿಎಚ್‌ಡಿ ಮಾರ್ಗದರ್ಶಕರೇ ಸಂಪಾದಕರಾಗಿ ಶಿಷ್ಯರ ಲೇಖನ ಪ್ರಕಟಿಸುವುದು, ಅದೇ ಶಿಷ್ಯರು ಗುರುಗಳ ಪುಸ್ತಕ ವಿಮರ್ಶಿಸುವುದು ನಮಗೆ ಸಹಜವೆನಿಸಿಬಿಟ್ಟಿದೆ. ಕ್ಷೇತ್ರ ಚಿಕ್ಕದು, ಒಂದು ವಿಷಯ ಬಲ್ಲವರು ನಾಲ್ಕೇ ಜನ, ಅವರೆಲ್ಲ ಪರಸ್ಪರ ಪರಿಚಿತರು ಎನ್ನುವುದು ನಿಜ. ಪರಿಚಯವನ್ನು ತಪ್ಪಿಸಲಾಗದು, ತೀರ್ಮಾನಿಸುವ ಕುರ್ಚಿಯನ್ನು ಬದಲಿಸಬಹುದು. ಶಿಷ್ಯರ ಲೇಖನವನ್ನು ಬೇರೆ ವಿಶ್ವವಿದ್ಯಾಲಯದ ಇಬ್ಬರಿಗೆ ಕಳಿಸಿ ಅವರ ಮಾತೇ ಕೊನೆ ಎಂದು ಒಪ್ಪಿಕೊಳ್ಳಲು ಹೊಸ ಕಾನೂನು ಬೇಕಾಗಿಲ್ಲ. ಪ್ರತಿ ಸಂಚಿಕೆಯ ಒಳಪುಟದಲ್ಲಿ, ಪತ್ರಿಕೆಯ ಖರ್ಚು ಯಾರದು, ಸಂಪಾದಕ ಮಂಡಳಿಯವರು ಎಲ್ಲಿ ನೌಕರಿಯಲ್ಲಿದ್ದಾರೆ, ಈ ಸಂಚಿಕೆಯ ಯಾವ ಲೇಖನದ ಪರಿಶೀಲನೆಯಿಂದ ಯಾರು ಹೊರಗುಳಿದರು ಎಂಬ ಮೂರು ವಿವರ ಅಚ್ಚು ಹಾಕುವುದಕ್ಕೆ ಅರ್ಧ ಪುಟ ಸಾಕು. ಬಡ್ತಿಯ ಅರ್ಜಿ ನೋಡುವ ಸಮಿತಿಗಳು ಅರ್ಜಿದಾರರದೇ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಪ್ರಬಂಧಗಳನ್ನು ಬೇರೆ ಕಲಮಿನಲ್ಲಿ ತೋರಿಸಲು ಹೇಳಿ, ಆ ಅರ್ಧ ಪುಟವನ್ನು ಜೊತೆಗೆ ಲಗತ್ತಿಸಲು ಕೇಳಬೇಕು. ವಿಶ್ವವಿದ್ಯಾಲಯಗಳ ವಿದ್ಯಾವಿಷಯಕ ಪರಿಷತ್ತುಗಳು ಒಂದೇ ಸಭೆಯಲ್ಲಿ ಇದನ್ನು ತೀರ್ಮಾನಿಸಬಹುದು.